ಒದೆಯದ ಬಂದೂಕು

ಮಾರ್ಚ್ ೩, ಭಾನುವಾರ

ಇವತ್ತು ಶೂಟಿಂಗ್ ಮೈದಾನದಲ್ಲಿ ಇವರು ಬಿದ್ದರು. ಬಿದ್ದರು ಅನ್ನುವುದಕ್ಕಿಂತ ಕೂತುಬಿಟ್ಟರು ಅನ್ನಬೇಕು. ಯಂತ್ರದಿಂದ ಮಣ್ಣಿನ ತಟ್ಟೆ ಹಾರಿತು, ಇವರು ಬಂದೂಕು ಎತ್ತಿ ಹೊಡೆದರು, ತಟ್ಟೆ ತನ್ನ ಪಾಡಿಗೆ ತಾನು ಹೋಗಿ ಹುಲ್ಲಿನಲ್ಲಿ ಇಳಿಯಿತು. ಇವರು ಹಿಂದಕ್ಕೆ ತೂರಾಡಿ ನೆಲದ ಮೇಲೆ ಕುಸಿದು ಕೂತರು. ಮಿಸ್ಸಣ್ಣ ಓಡಿಬಂದು ಮೊದಲು ಬಂದೂಕು ಹಿಡಿದುಕೊಂಡರು, ಆಮೇಲೆ ಇವರನ್ನು. ಅವರ ನಿಜವಾದ ಹೆಸರು ನನಗೆ ಮರೆತೇ ಹೋಗಿದೆ. ಹಾರಿದ್ದನ್ನೆಲ್ಲ ಮಿಸ್ ಮಾಡಿ ಮಾಡಿ ಕ್ಲಬ್ಬಿನಲ್ಲಿ ಎಲ್ಲರಿಗೂ ಮಿಸ್ಸಣ್ಣ. ನಮ್ಮ ಮದುವೆಗೆ ಮುಂಚಿನಿಂದಲೂ ಇವರಿಗೆ ಅವರೇ ಜೋಡಿ.

ಸುತ್ತಲಿದ್ದವರು ನಕ್ಕರು. ಇವರೂ ನಕ್ಕರು. ಏಳಲು ನೆಲಕ್ಕೆ ಕೈಯೂರಿದಾಗ ಆ ಕೈ ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡಿತು. ಆಮೇಲೆ ಯಾರೂ ನಗಲಿಲ್ಲ.

ನಾನು ಯಾವತ್ತಿನ ಹಾಗೆ ಕಾರಿನಲ್ಲಿ ಪದಬಂಧ ಬಿಡಿಸುತ್ತಾ ಕೂತಿದ್ದೆ. ಆ ಸದ್ದು, ಮದ್ದಿನ ವಾಸನೆ ನನಗೆ ಎಂದೂ ಒಗ್ಗಿದ್ದಲ್ಲ. ಭಾನುವಾರದ ಬೆಳಗ್ಗೆ ಜೊತೆಯಲ್ಲಿ ಹೋಗಿ ಬರುವುದು ಬೇಕಿತ್ತು, ಅಷ್ಟೇ.

ಮನೆಗೆ ಬಂದು ಅಂಗಿ ಬಿಚ್ಚಿ ನೋಡಿದರೆ ಬಲಭುಜ ನೇರಳೆ ಬಣ್ಣಕ್ಕೆ ತಿರುಗಿದೆ. ಮುಲಾಮು ಹಚ್ಚಿದೆ.

"ಬಂದೂಕಿಗೆ ವಯಸ್ಸಾಯ್ತು ಕಣೇ. ಸಿಡುಕು ಜಾಸ್ತಿ ಆಗಿದೆ."

"ಬಂದೂಕಿಗಾ?"

"ಮತ್ತೆ ನಂಗಾ?"

ಡಾಕ್ಟರು ಕಾಯಿಲೆಯ ಹೆಸರು ಹೇಳಿ ಒಂದು ತಿಂಗಳಾಯಿತು. ನರ ಸಾಯುತ್ತದಂತೆ, ಅದರ ಹಿಂದೆಯೇ ಸ್ನಾಯು ಒಣಗುತ್ತದಂತೆ. ಕೈಯಿಂದ ಶುರುವಾಗಿದೆ. ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುತ್ತಾ ಬದುಕಿದ ಕೈ. ಒಂದೇ ಗೆರೆ ಎಳೆದು, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಹೇಳಿದ ಮಾತು ಕೇಳುತ್ತಿತ್ತು.

ಮಾರ್ಚ್ ೬, ಬುಧವಾರ

ಆಸ್ಪತ್ರೆ. ಇವರು ಡಾಕ್ಟರ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ. ಉಸಿರಿನದಲ್ಲ, ನಡಿಗೆಯದಲ್ಲ.

"ಜುಲೈ ಕೊನೇಲಿ ಕ್ಲಬ್ಬಿನ ಜೋಡಿ ಪಂದ್ಯ ಇದೆ. ಅಲ್ಲೀವರೆಗೆ ಈ ಕೈ ಬರತ್ತಾ, ಅಷ್ಟು ಹೇಳಿ ಡಾಕ್ಟ್ರೇ."

"ಭಾರ ಎತ್ತಬಾರದು. ಭುಜಕ್ಕೆ ಏಟು ಬೀಳಬಾರದು."

"ಭಾರ ಇಲ್ಲದ, ಏಟು ಕೊಡದ ಬಂದೂಕು ಸಿಕ್ಕಿದ್ರೆ?"

"ಸಿಕ್ಕಿದ್ರೆ ನಂಗೂ ತೋರಿಸಿ," ಎಂದು ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ. ಹೊರಗೆ ಕಾರಿಡಾರಿನಲ್ಲಿ ನನ್ನನ್ನು ಮಾತ್ರ ನಿಲ್ಲಿಸಿಕೊಂಡು, "ಜುಲೈ ಅಂದ್ರೆ ಬಹಳ ದೂರ ಅಮ್ಮಾ," ಅಂದರು. ನಾನು ಆಗಲಿ ಎಂದು ತಲೆಯಾಡಿಸಿದೆ, ಔಷಧಿ ಊಟದ ಮೊದಲೋ ನಂತರವೋ ಎಂದು ಹೇಳಿದ್ದಾರೇನೋ ಅನ್ನುವ ಹಾಗೆ.

ಕಾರಿನಲ್ಲಿ ಇವರು ಕೇಳಿದರು, "ಏನಂದ್ರು?"

"ಬಂದೂಕು ಹುಡುಕಿ ಅಂದ್ರು."

ಮಾರ್ಚ್ ೯, ಶನಿವಾರ

ಬಂದೂಕಿನ ಅಂಗಡಿಗೆ ಹೋಗಿದ್ದೆವು. ತಂದೆಯ ನಂತರ ಮಗಳೇ ನಡೆಸುತ್ತಿದ್ದಾಳೆ. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ಎಣ್ಣೆ ಕೈ ಒರೆಸುವ ಬಟ್ಟೆ ಸದಾ ಹೆಗಲ ಮೇಲೆ. ಭಾನುವಾರ ಮೈದಾನದಲ್ಲಿ ಹೊಸಬರಿಗೆ ಕಲಿಸುವವಳೂ ಅವಳೇ. ಇವರನ್ನು ಚಿಕ್ಕಂದಿನಿಂದ ನೋಡಿದವಳು. ಕೈ ಕುಲುಕಲು ಹೋಗಿ, ಹಿಡಿದ ಕೈಯ ಹಗುರ ಗೊತ್ತಾಗಿ, ಬಿಡದೆ ಹಾಗೇ ಹಿಡಿದುಕೊಂಡಳು.

"ಒದೆತ ಕಮ್ಮಿ ಮಾಡೋಕೆ ಸುಲಭದ ದಾರಿ ಅಂದ್ರೆ ಬಂದೂಕು ಭಾರ ಇರೋದು ಅಂಕಲ್. ಭಾರದ್ದು ಅರ್ಧ ಏಟು ತಾನೇ ನುಂಗಿಕೊಳ್ಳತ್ತೆ. ನಿಮಗೆ ಅದನ್ನ ಎತ್ತೋಕಾಗಲ್ಲ. ಹಗುರದ್ದು ಕೊಟ್ರೆ ಎತ್ತಬಹುದು, ಅದು ಭುಜ ಮುರಿಯತ್ತೆ."

"ಅಂದ್ರೆ ನಂಗೆ ಗತಿ ಇಲ್ಲ."

"ಇದೆ. ಮಧ್ಯ ಎಲ್ಲೋ ಇದೆ. ಹುಡುಕೋಣ."

ನಾಲ್ಕಾರು ಬಂದೂಕು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎತ್ತಿ ಭುಜಕ್ಕಿಡಲು ಇವರಿಂದ ಆಗಲಿಲ್ಲ. ಎರಡನೆಯದಕ್ಕೇ ತೋಳು ನಡುಗತೊಡಗಿತು. ಆಗ ಅವಳು ನನ್ನ ಕಡೆ ತಿರುಗಿ, "ಆಂಟಿ, ನೀವು ಸ್ವಲ್ಪ ಹಿಡಿದು ನೋಡ್ತೀರಾ? ಅಂಕಲ್ ಕೂತ್ಕೊಂಡು ನೋಡ್ಲಿ," ಅಂದಳು.

ಒಲ್ಲೆ ಅಂದೆ. ಇವರು ನನ್ನನ್ನೇ ನೋಡಿದರು. ಹಿಡಿದೆ. ಸೌದೆ ಹೊತ್ತ ಹಾಗೆ ಹಿಡಿದಿದ್ದೇನೆ ಎಂದು ಇವರು ನಕ್ಕರು. ಬಹಳ ದಿನದ ಮೇಲೆ ಹೊಟ್ಟೆಯಿಂದ ಬಂದ ನಗು. ಹಾಗಾಗಿ ಎಲ್ಲವನ್ನೂ ಹಾಗೆಯೇ ಹಿಡಿದೆ.

ಒಂದು ತೊಡಕಿದೆ. ಈ ಕಾಯಿಲೆ ಕಾಗದದ ಮೇಲೆ ಬಂದ ನಂತರ ಹೊಸ ಬಂದೂಕು ಇವರ ಹೆಸರಿನಲ್ಲಿ ಸಿಗುವುದಿಲ್ಲ. ನನ್ನ ಹೆಸರಿನಲ್ಲಿ ಸಿಗಬಹುದು, ಆದರೆ ನಾನು ಹೊಸಬರ ತರಗತಿ ಮುಗಿಸಬೇಕು. ಅರವತ್ತರ ಹೊಸ್ತಿಲಲ್ಲಿ ನಾನು ಹೊಸಬಳು! "ಲೈಸೆನ್ಸ್ ಮಟ್ಟಿಗೆ ಕಣೇ," ಅಂದರು ಇವರು. ಆಯಿತು, ಲೈಸೆನ್ಸ್ ಮಟ್ಟಿಗೆ.

ಮಾರ್ಚ್ ೧೭, ಭಾನುವಾರ

ಮೊದಲ ತರಗತಿ. ಅಂಗಡಿಯಾಕೆ ನನ್ನನ್ನು ದೂರದ ಕಂಬದ ಎದುರು ನಿಲ್ಲಿಸಿ, ಎರಡೂ ಕಣ್ಣು ಬಿಟ್ಟು ಬೆರಳು ತೋರಿಸಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಿ ಅಂದಳು. ಎಡಗಣ್ಣು ಮುಚ್ಚಿದಾಗ ಬೆರಳು ಕಂಬ ಬಿಟ್ಟು ಜಿಗಿಯಿತು.

"ಆಂಟಿ, ನಿಮ್ಮದು ಎಡಗಣ್ಣು ಜೋರು. ಬಂದೂಕು ಎಡಭುಜಕ್ಕೇ ಬರಬೇಕು."

ಕನ್ನಡಕದ ಅಂಗಡಿಯಲ್ಲಿ ಇಷ್ಟು ವರ್ಷ ಊರವರ ಮೂಗಿಗೆ ಫ್ರೇಮು ಕೂರಿಸಿದ್ದೇನೆ. ನನ್ನದು ಯಾವ ಕಣ್ಣು ಮುಂದು ಎಂದು ಇವತ್ತಿನವರೆಗೂ ಗೊತ್ತಿರಲಿಲ್ಲ. ದೂರದಲ್ಲಿ ಕುರ್ಚಿಯಲ್ಲಿದ್ದ ಇವರು ಕೂಗಿದರು, "ಅದಕ್ಕೇ ನಾನು ಹೇಳಿದ್ದೆಲ್ಲ ನಿಂಗೆ ಉಲ್ಟಾ ಕಾಣ್ತಿತ್ತು!"

ಕ್ಲಬ್ಬಿನ ಹಳೆಯ ಹನ್ನೆರಡರ ಅಳತೆಯ ಬಂದೂಕಿನಲ್ಲಿ ಹೊಡೆಸಿದಳು. ಹೆದರಿ ಸಡಿಲವಾಗಿ ಹಿಡಿದಿದ್ದೆ. ಸಡಿಲ ಹಿಡಿದರೆ ಅದು ಓಡಿಬಂದು ಗುದ್ದುತ್ತದೆ ಎಂದು ಆಮೇಲೆ ಹೇಳಿದರೆ ಏನು ಬಂತು? ಭುಜಕ್ಕೆ ಒಂದು, ಕೆನ್ನೆಗೆ ಒಂದು. ಕಣ್ಣಲ್ಲಿ ನೀರು. ಇದಕ್ಕಾಗಿಯೇ ಈ ಗಂಡಸು ಪ್ರತಿ ಭಾನುವಾರ ಶಿಳ್ಳೆ ಹೊಡೆಯುತ್ತಾ ಏಳುತ್ತಿದ್ದರೇ?

ಸಂಜೆ ಇವರಿಗೆ ಸ್ನಾನ ಮಾಡಿಸುವಾಗ ಕನ್ನಡಿಯಲ್ಲಿ ಇಬ್ಬರೂ ಕಂಡೆವು. ಇವರ ಬಲಭುಜದ ಕಲೆ ಹಳದಿಯಾಗುತ್ತಿದೆ, ನನ್ನ ಎಡಭುಜದ್ದು ಈಗಷ್ಟೇ ಕೆಂಪಾಗಿದೆ. "ಜೋಡಿ ಸರಿಯಾಗಿದೆ," ಅಂದರು.

ಮಾರ್ಚ್ ೨೪, ಭಾನುವಾರ

ಇವತ್ತು ಬೇರೆ ಬೇರೆ ಬಂದೂಕು ಹೊಡೆದು ನೋಡಿದೆ. ಮರೆಯುವ ಮೊದಲು ಬರೆದಿಡುತ್ತೇನೆ. ಇವರು ಕೇಳಿದರೆ ಹೇಳಬೇಕು.

ತೀರಾ ಸಣ್ಣ ನಳಿಗೆಯದು ಒಂದಿದೆ, ನೋಡಲು ಆಟದ ಸಾಮಾನು. ಒದೆಯುವುದೇ ಇಲ್ಲ. ಆದರೆ ಅದರ ತೋಟಾದಲ್ಲಿ ಸೀಸದ ಚರೆ ಎಷ್ಟು ಕಡಿಮೆಯೆಂದರೆ ತಟ್ಟೆಯ ಅಕ್ಕಪಕ್ಕ ದಾರಿಮಾಡಿಕೊಂಡು ಹೋಗುತ್ತದೆ. "ಕಲಿಯೋರಿಗೆ ಇದನ್ನ ಮಾರೋದು ಪಾಪ ಆಂಟಿ. ಒಂದೂ ತಾಗಲ್ಲ, ಬೇಜಾರಾಗಿ ಬಿಟ್ಟೇಬಿಡ್ತಾರೆ," ಅಂದಳು ಅಂಗಡಿಯಾಕೆ.

ನಳಿಗೆಯ ಅಳತೆಯಲ್ಲಿ ಇಪ್ಪತ್ತರದು ಹನ್ನೆರಡರದಕ್ಕಿಂತ ಸಣ್ಣದು. ಈ ಲೆಕ್ಕ ಯಾರು ಮಾಡಿದರೋ, ಅಂಕಿ ದೊಡ್ಡದಾದಷ್ಟೂ ಬಂದೂಕು ಚಿಕ್ಕದು. ಎರಡು ನಳಿಗೆಯ ಇಪ್ಪತ್ತರದು ಹೂವಿನಷ್ಟು ಹಗುರ; ಇದೇ ಸರಿ ಅಂದುಕೊಂಡು ಹೊಡೆದರೆ ಕತ್ತೆಯ ಹಾಗೆ ಒದೆಯಿತು.

ಇನ್ನೊಂದು, ತಾನೇ ತೋಟಾ ತುಂಬಿಕೊಳ್ಳುವಂಥದ್ದು. ಸಿಡಿದಾಗ ಹುಟ್ಟುವ ಹೊಗೆಯ ಒತ್ತಡವನ್ನು ಸ್ವಲ್ಪ ಕದ್ದು, ಅದರಿಂದಲೇ ಮುಂದಿನ ತೋಟಾ ಎಳೆದುಕೊಳ್ಳುತ್ತದೆ. ಆ ಕೆಲಸದಲ್ಲಿ ಏಟಿನ ಚುರುಕು ಕರಗಿ ಹೋಗುತ್ತದೆ. ಗುದ್ದಿದ ಹಾಗಲ್ಲ, ಜನಜಂಗುಳಿಯಲ್ಲಿ ಯಾರೋ ಪಕ್ಕಕ್ಕೆ ಸರಿ ಅಂತ ಭುಜದಿಂದ ತಳ್ಳಿದ ಹಾಗೆ. ಇದೇ ಜಾತಿಯ ಇಪ್ಪತ್ತರದು, ಹಿಂದೆ ಮೆತ್ತನೆಯ ರಬ್ಬರು, ಹಗುರ ತೋಟಾ. ಎತ್ತಲೂ ಆಗುತ್ತದೆ, ತಡೆಯಲೂ ಆಗುತ್ತದೆ. ಒಂದೇ ಕಿರಿಕಿರಿ, ಖಾಲಿ ತೋಟಾ ಬಲಗಡೆಗೆ ಚಿಮ್ಮುತ್ತದೆ. ಎಡಭುಜದಿಂದ ಹೊಡೆಯುವ ನನ್ನ ಮೂಗಿನ ಮುಂದೆಯೇ ಬಿಸಿಬಿಸಿಯಾಗಿ ಹಾರುತ್ತದೆ. ಪರವಾಗಿಲ್ಲ. ಹೊಡೆಯುವವರು ಇವರಲ್ಲವೇ.

ಅಂದ ಹಾಗೆ ಇವತ್ತು ಒಂದು ತಟ್ಟೆ ಒಡೆಯಿತು. ನನ್ನಿಂದಲೇ. ಕಪ್ಪು ಪುಡಿಯ ಒಂದು ಉಸಿರು ಆಕಾಶದಲ್ಲಿ ನಿಂತ ಹಾಗಾಯಿತು. ಇವರು ಚಪ್ಪಾಳೆ ತಟ್ಟಲು ಕೈ ಸೇರಿಸಿದರು, ಸದ್ದು ಬರಲಿಲ್ಲ.

ಏಪ್ರಿಲ್ ೨, ಮಂಗಳವಾರ

ಚಮಚ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ಆಮೇಲೆ ನಾನೇ ತಿನ್ನಿಸಿದೆ. ಇವರು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಬಾಯಿ ತೆರೆದರು.

ಏಪ್ರಿಲ್ ೧೪, ಭಾನುವಾರ

ಹೊಡೆದರು! ಇವರು ಇವತ್ತು ಹೊಡೆದರು.

ಅಂಗಡಿಯಾಕೆ ಆ ಮೆತ್ತನೆ ಬಂದೂಕು ತಂದಿದ್ದಳು. ಬೆಳಗ್ಗೆ ಬೇಗ, ಬೇರೆ ಯಾರೂ ಬರುವ ಮೊದಲೇ ಬನ್ನಿ ಅಂದಿದ್ದಳು. ಇವರನ್ನು ನಿಲ್ಲಿಸಿ, ನಾನು ಹಿಂದೆ ನಿಂತು ಸೊಂಟಕ್ಕೆ ನನ್ನ ಮೈ ಆನಿಸಿದೆ. ಎಡಗಡೆಯಿಂದ ನಳಿಗೆಯ ಕೆಳಗೆ ಇವರ ಅಂಗೈ, ಅದರ ಕೆಳಗೆ ನನ್ನ ಅಂಗೈ. ಅವಳು ಪಕ್ಕದಲ್ಲೇ ಬಂದೂಕಿಗೆ ಕೈ ತಾಕಿಸಿಕೊಂಡು ನಿಂತಳು. ಮಿಸ್ಸಣ್ಣ ಯಂತ್ರದ ಹತ್ತಿರ.

ಟ್ರಿಗರ್ ಮೇಲೆ ಬೆರಳು ಕೂರಿಸಲು ಬಹಳ ಹೊತ್ತು ಹಿಡಿಯಿತು. "ತಟ್ಟೆ ಬಿಡು," ಅಂದರು. ದನಿ ಸಣ್ಣದಾಗಿತ್ತು. ಮಿಸ್ಸಣ್ಣನಿಗೆ ಕೇಳಿಸಲಿಲ್ಲ. ಆಗ ನಾನು ಕೂಗಿದೆ, "ಬಿಡಿ!"

ತಟ್ಟೆ ನೇರವಾಗಿ, ನಿಧಾನವಾಗಿ ದೂರ ಸರಿಯಿತು. ಬಂದೂಕು ಸಿಡಿಯಿತು. ಒದೆತ ಇವರ ಭುಜದಿಂದ ನನ್ನ ಎದೆಗೆ ಬಂತು. ಬಾಗಿಲು ತಟ್ಟಿದಷ್ಟೇ. ತಟ್ಟೆ ಒಡೆಯಲಿಲ್ಲ. ಯಾರಿಗೆ ಬೇಕು! ಬೀಳಲಿಲ್ಲ, ನೋವು ಅನ್ನಲಿಲ್ಲ, ಎರಡೂ ಕಾಲ ಮೇಲೆ ನಿಂತಿದ್ದರು.

"ಇನ್ನೊಂದು?" ಅಂದಳು ಅಂಗಡಿಯಾಕೆ.

"ಸಾಕು ಮಗಾ."

"ಒಂದೇ ಸಾಕಾ ಮಾರಾಯಾ?" ಅಂದರು ಮಿಸ್ಸಣ್ಣ.

"ಸಾಕು. ಚೆನ್ನಾಗಿತ್ತು."

ಸಿಕ್ಕಿತು ಬಂದೂಕು. ಕಾರಿನಲ್ಲಿ ಬರುತ್ತಾ ನಾನೇ ಮಾತಾಡಿದ್ದು. ಭುಜಕ್ಕೊತ್ತುವ ಮರದ ಹಿಡಿಯನ್ನು ಸ್ವಲ್ಪ ಕೊಯ್ಯಿಸಬೇಕು, ರಬ್ಬರು ಇನ್ನೂ ಮೆತ್ತನೆಯದು ಹಾಕಿಸಬೇಕು, ಕೂತು ಹೊಡೆಯಲು ಕ್ಲಬ್ಬಿನ ಒಪ್ಪಿಗೆ ಕೇಳಬೇಕು. ಇವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮಲಗಿದ್ದಾರೆ ಅಂದುಕೊಂಡೆ. ಮಲಗಿರಲಿಲ್ಲ.

ಏಪ್ರಿಲ್ ೨೦, ಶನಿವಾರ

ಬರೆಯಲು ಕೈ ಬರುತ್ತಿಲ್ಲ.

ಬಂದೂಕಿಗೆ ಹೇಳಿಬರಲು ಅಂಗಡಿಗೆ ಹೋದೆವು. ಹಿಡಿಯ ಅಳತೆ ತೆಗೆಯಬೇಕು ಎಂದು ಅಂಗಡಿಯಾಕೆ ಟೇಪು ತಂದಳು. ಇವರು, "ಇವಳದು ತಗೋ," ಅಂದರು. ಎತ್ತಲಾಗದ ಕೈಯನ್ನು ಅಳೆಯುವುದು ಹೇಗೆ ಎಂದು ನಾನೇ ಸಮಾಧಾನ ಹೇಳಿಕೊಂಡು ಮೊಣಕೈ ಮಡಚಿ ಕೊಟ್ಟೆ.

ಆಮೇಲೆ ಇವರು, "ಎಡಗೈಯವರದ್ದು ಬರತ್ತಲ್ಲ, ತೋಟಾ ಎಡಕ್ಕೆ ಚಿಮ್ಮೋದು, ಅದನ್ನ ತರಿಸು," ಅಂದರು.

ನನಗೆ ಅರ್ಥವಾಗಲಿಲ್ಲ. ನಿಜಕ್ಕೂ ಆಗಲಿಲ್ಲ. "ರೀ, ನೀವು ಬಲಗೈಯವರು. ಎಡದ್ದು ಹೇಗೆ ಹೊಡೀತೀರಿ?" ಅಂದೆ, ತರಕಾರಿ ತಪ್ಪು ತಂದವರನ್ನು ಗದರುವ ಹಾಗೆ.

ಇವರು ನನ್ನ ಎಡಭುಜದ ಕಡೆ ನೋಡಿದರು. ಅಂಗಡಿಯಾಕೆ ಟೇಪನ್ನು ಸುತ್ತತೊಡಗಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಪಂದ್ಯ ಯಾರು ಆಡೋದು?" ಅಂದೆ.

"ಮಿಸ್ಸಣ್ಣಂಗೆ ಜೋಡಿ ಬೇಕಲ್ಲ ಕಣೇ. ಅವನಿಗೆ ಇನ್ಯಾರು ಸಿಗ್ತಾರೆ?"

ನಾನು ಅಂಗಡಿಯಿಂದ ಎದ್ದು ಬೀದಿಗೆ ಬಂದೆ. ಪಕ್ಕದಲ್ಲಿ ಚಪ್ಪಲಿ ಅಂಗಡಿ. ಗಾಜಿನ ಹಿಂದೆ ಸಾಲುಸಾಲು ಜೋಡಿಗಳು. ಅವನ್ನೇ ನೋಡುತ್ತಾ ನಿಂತೆ. ಒಳಗಿದ್ದ ಹುಡುಗಿ ಬಂದು ಯಾವ ಸೈಜು ಬೇಕು ಅಂತ ಕೇಳಿದಳು.

ಇವರು ಒಳಗೆ ಕುರ್ಚಿಯಲ್ಲಿದ್ದರು. ತಾವಾಗಿಯೇ ಎದ್ದು ಬರುವಂತಿರಲಿಲ್ಲ. ನಾನೇ ಒಳಗೆ ಹೋಗಿ ಎಬ್ಬಿಸಿ ಕರೆದುಕೊಂಡು ಬರಬೇಕಾಯಿತು. ಸಿಟ್ಟು ಮಾಡಿಕೊಂಡು ಹೋಗಿಬಿಡುವ ಸ್ವಾತಂತ್ರ್ಯವೂ ನನಗೆ ಉಳಿದಿಲ್ಲ.

ಏಪ್ರಿಲ್ ೨೧, ಭಾನುವಾರ

ಮೈದಾನಕ್ಕೆ ಹೋಗಲಿಲ್ಲ. ಮಾತೂ ಆಡಲಿಲ್ಲ. ಊಟ ತಿನ್ನಿಸಿದೆ, ಮುಖ ಒರೆಸಿದೆ, ಮಗ್ಗುಲು ಬದಲಿಸಿದೆ. ಮಾತಿಲ್ಲದೆ.

ಸಂಜೆ ಇವರೇ ಅಂದರು, "ನಾನೂ ಹೊಡೀಬೇಕು ಅಂತಾನೇ ಇದ್ದೆ ಕಣೇ. ಆ ಒಂದು ಹೊಡೆದಾಗ ಗೊತ್ತಾಯ್ತು. ಬಂದೂಕು ಸರಿಯಾಗೇ ಇತ್ತು."

ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ.

ಮೇ ೫, ಭಾನುವಾರ

ಬಂದೂಕು ಬಂತು. ನನ್ನ ಲೈಸೆನ್ಸೂ ಬಂತು. ಇವರು ಈಗ ಹಾಸಿಗೆಯಲ್ಲೇ. ಅಂಗಡಿಯಾಕೆ ಮನೆಗೇ ತಂದು, ಖಾಲಿ ಇದೆ ಎಂದು ಎರಡು ಸಲ ತೆರೆದು ತೋರಿಸಿ, ನನ್ನ ಕೈಗಿಟ್ಟಳು.

"ಎತ್ತು," ಅಂದರು ಇವರು. ಮಾತು ಈಗ ತೊದಲು. ಎತ್ತಿದೆ.

"ಕೆನ್ನೆ." ಕೆನ್ನೆ ಇನ್ನೂ ಸ್ವಲ್ಪ ಒತ್ತಿದೆ.

"ಮುಂದಿನ ಕಾಲು." ಮುಂದಕ್ಕೆ ಬಾಗಿದೆ.

ಹಾಸಿಗೆಯ ಮೇಲಿನ ಗೋಡೆಗೆ ಗುರಿಯಿಟ್ಟು ನಿಂತ ನನ್ನನ್ನು ಇವರು ಬಹಳ ಹೊತ್ತು ನೋಡಿದರು. ಹೆಣ್ಣು ನೋಡಲು ಬಂದಾಗಲೂ ಅಷ್ಟು ನೋಡಿರಲಿಲ್ಲ. ಆವತ್ತು ನಮ್ಮ ಮನೆಯ ಕಿಟಕಿಯ ಸೀಳುಬಿಟ್ಟ ಗಾಜನ್ನೇ ನೋಡುತ್ತಿದ್ದ ಮನುಷ್ಯ.

"ಚೆನ್ನಾಗಿ ಕೂತಿದೆ," ಅಂದರು.

ಮಗಳು ಅದೇ ಹೊತ್ತಿಗೆ ಬಂದಳು. ಸಿಟಿ ಬಸ್ಸು ಓಡಿಸುತ್ತಾಳೆ. ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಬರುತ್ತಾಳೆ. ಬಾಗಿಲಲ್ಲಿ ನಿಂತು, "ಏನಮ್ಮಾ ಇದು? ಅಪ್ಪನಿಗೆ ಈ ಸ್ಥಿತಿ, ನಿಂಗೆ ಬಂದೂಕಾ?" ಅಂದಳು. ಅವಳಿಗೆ ಏನು ಹೇಳುವುದು? ಇವರು ನನ್ನ ಪರವಾಗಿ ಏನೋ ಹೇಳಲು ಹೋದರು, ಕೆಮ್ಮು ಬಂತು.

ಮೇ ೧೮, ಶನಿವಾರ

ಮಾತು ನಿಂತಿದೆ. ಕಣ್ಣು ಮುಚ್ಚಿದರೆ ಹೌದು, ಮುಚ್ಚದಿದ್ದರೆ ಇಲ್ಲ. ಉಸಿರಿನ ಯಂತ್ರ ತಂದಿಟ್ಟಿದ್ದಾರೆ. ಮಗಳು ರಜೆ ಹಾಕಿ ಇಲ್ಲೇ ಇದ್ದಾಳೆ. ಅಪ್ಪನಿಗೆ ಬಸ್ಸಿನ ಕಥೆ ಹೇಳುತ್ತಾಳೆ. ಚಿಲ್ಲರೆ ಇಲ್ಲದ ಜಗಳ, ಹಿಂದಿನ ಸೀಟಿನ ಪ್ರೇಮಿಗಳು, ಮೀನು ತುಂಬಿದ ಬುಟ್ಟಿ. ಕಣ್ಣಲ್ಲಿ ನಗುತ್ತಾರೆ.

ನಾಳೆ ಮೈದಾನಕ್ಕೆ ಹೋಗಲೇ ಎಂದು ಕೇಳಿದೆ. ಬೇಡ ಅನ್ನಲಿ ಎಂದೇ ಕೇಳಿದ್ದು. ಕಣ್ಣು ಮುಚ್ಚಿದರು. ನೋಡಲಿಲ್ಲವೇನೋ ಎಂಬಂತೆ ಹೊದಿಕೆ ಸರಿಮಾಡಿದೆ. ಮತ್ತೆ ಮುಚ್ಚಿದರು, ಬಿಗಿಯಾಗಿ, ಮಕ್ಕಳು ನಿದ್ದೆಯ ನಾಟಕ ಆಡುವ ಹಾಗೆ.

ಹೋಗುವುದಿಲ್ಲ. ಇವರನ್ನು ಬಿಟ್ಟು ಯಾವ ತಟ್ಟೆ ಒಡೆಯಬೇಕಾಗಿದೆ ನನಗೆ.

ಮೇ ೨೯, ಬುಧವಾರ

ಬೆಳಗ್ಗೆ ಹೋದರು.

ಜೂನ್ ೯, ಭಾನುವಾರ

ಜನ ಬರುತ್ತಾರೆ, ಹೋಗುತ್ತಾರೆ. ಬಾಡಿಗೆಗೆ ತಂದ ಮಂಚವನ್ನು ಕೊಂಡೊಯ್ದರು. ಅದಿದ್ದ ಜಾಗದಲ್ಲಿ ನೆಲ ಹೊಸದಾಗಿ ಕಾಣುತ್ತದೆ. ಅಲ್ಲಿ ಕಾಲಿಡದೆ ಸುತ್ತುಹಾಕಿ ಹೋಗುತ್ತೇನೆ.

ಕನ್ನಡಕದ ಅಂಗಡಿಯವರು ಯಾವಾಗ ಬೇಕಾದರೂ ಬನ್ನಿ ಅಂದಿದ್ದಾರೆ.

ಏನೂ ಅನ್ನಿಸುತ್ತಿಲ್ಲ. ಅಳು ಬರುತ್ತಿಲ್ಲ. ಕಾಲು ಜೋಮು ಹಿಡಿದಾಗ ಇದೆಯೋ ಇಲ್ಲವೋ ಎಂದು ಚಿವುಟಿ ನೋಡುತ್ತೇವಲ್ಲ, ಹಾಗೆ ಒಂದೊಂದು ಸಲ ತೋಳು ಚಿವುಟಿಕೊಳ್ಳುತ್ತೇನೆ.

ಜೂನ್ ೨೩, ಭಾನುವಾರ

ಮೈದಾನಕ್ಕೆ ಹೋಗಿದ್ದೆ. ನನ್ನ ಬಂದೂಕು ಅಲ್ಲ, ಇವರ ಹಳೆಯ ಹನ್ನೆರಡರದನ್ನು ತೆಗೆದುಕೊಂಡು. ಕ್ಲಬ್ಬಿನಲ್ಲಿ ಸಿಗುವುದರಲ್ಲೇ ಭಾರಿ ತೋಟಾ ಕೊಡಿ ಅಂದೆ.

ಬಲಗೈಯವರಿಗೆ ಕೆತ್ತಿದ ಹಿಡಿ. ನನ್ನ ಕೆನ್ನೆಗೆ ಅದು ಒಗ್ಗುವುದೇ ಇಲ್ಲ. ಹೊಡೆದೆ. ಭುಜ ಹಾರಿಹೋದ ಹಾಗಾಯಿತು. ಮತ್ತೆ ಹೊಡೆದೆ. ತಟ್ಟೆ ಎಲ್ಲಿ ಹೋಯಿತು ಎಂದು ನೋಡಲೂ ಇಲ್ಲ. ತುಂಬುವುದು, ಹೊಡೆಯುವುದು. ಪ್ರತಿ ಒದೆತಕ್ಕೂ ಒಳಗೆ ಎಲ್ಲೋ ಹೌದು, ಹೌದು ಅನ್ನಿಸುತ್ತಿತ್ತು. ಕಡೆಗೂ ಯಾರೋ ನನ್ನ ಜೊತೆ ನಿಜ ಮಾತಾಡುತ್ತಿದ್ದಾರೆ ಅನ್ನುವ ಹಾಗೆ.

ಮಿಸ್ಸಣ್ಣ ಯಾವಾಗ ಬಂದರೋ ಗೊತ್ತಿಲ್ಲ. ತುಂಬಲು ಬಂದೂಕು ತೆರೆದಾಗ ನಳಿಗೆಯ ಮೇಲೆ ಕೈಯಿಟ್ಟರು.

"ಸಾಕು ಅತ್ತಿಗೆ."

"ಬಿಡಿ."

"ಬಿಡಲ್ಲ. ಅವನು ನೋಡಿದ್ರೆ ನನ್ನ ಸುಮ್ನೆ ಬಿಡ್ತಿದ್ನಾ?"

"ನೋಡಲ್ವಲ್ಲ!" ಎಂದು ಕಿರುಚಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ಗೊತ್ತಿರಲಿಲ್ಲ. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದವರೂ ತಿರುಗಿ ನೋಡಿದರು. ಮಿಸ್ಸಣ್ಣ ಬಂದೂಕು ತೆಗೆದುಕೊಂಡು ಹುಲ್ಲಿನ ಮೇಲೆ ಇಟ್ಟು, ಅದರ ಪಕ್ಕದಲ್ಲೇ ಕೂತು, ಮುಖ ಮುಚ್ಚಿಕೊಂಡು ಅತ್ತರು. ನಾನು ಅಳಲಿಲ್ಲ. ನಿಂತು ಅವರ ಬೋಳುತಲೆ ನೋಡುತ್ತಿದ್ದೆ. ಬಿಸಿಲಿಗೆ ಕೆಂಪಾಗಿತ್ತು. ನನ್ನ ಟೋಪಿ ತೆಗೆದು ಅವರಿಗೆ ಹಾಕಿದೆ.

ಜೂನ್ ೨೪, ಸೋಮವಾರ

ಮಗಳು ನೋಡಿಬಿಟ್ಟಳು. ತೋಳು ಎತ್ತಲಾಗದೆ ಕೂದಲು ಬಾಚಲು ಒದ್ದಾಡುತ್ತಿದ್ದೆ. ರವಿಕೆ ಸರಿಸಿ ನೋಡಿದಳು. ಭುಜದಿಂದ ಎದೆಯವರೆಗೆ ಕಪ್ಪು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಮುಂದೆ ನೆಲದ ಮೇಲೆ ಕೂತು ನನ್ನ ಎರಡೂ ಮಂಡಿ ಹಿಡಿದುಕೊಂಡಳು.

"ಅಮ್ಮಾ, ನೇರವಾಗಿ ಕೇಳ್ತೀನಿ. ನೀನು ಒಬ್ಳೇ ಇರ್ತೀಯ. ಮನೇಲಿ ಎರಡು ಬಂದೂಕಿದೆ. ನಾನು ಸ್ಟೇರಿಂಗ್ ಹಿಡಿದು ಸಿಗ್ನಲ್ಲಲ್ಲಿ ನಿಂತಾಗೆಲ್ಲ ಅದೇ ತಲೇಲಿ ಬರತ್ತೆ. ಬರಬಾರದ್ದೆಲ್ಲ ಬರತ್ತೆ."

"ಛೆ, ಏನು ಮಾತು ಅಂತ ಆಡ್ತೀಯೇ!" ಅಂದೆ. ಆದರೆ ಅವಳು ನನ್ನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಅಪ್ಪನ ಕಣ್ಣು. ಸುಳ್ಳು ಹೇಳಲು ಆಗಲಿಲ್ಲ. "ಆ ಥರ ಏನೂ ಮಾಡ್ಕೊಳ್ಳಲ್ಲ. ಆದ್ರೆ ನೋವಾಗ್ಲಿ ಅನ್ಸಿತ್ತು," ಅಂದೆ.

ಅವಳು ಎದ್ದು ಅಂಗಡಿಯಾಕೆಗೆ ಫೋನು ಮಾಡಿದಳು. ಸಂಜೆಯೊಳಗೆ ಎರಡೂ ಬಂದೂಕು ಅಂಗಡಿಯ ಬೀರುವಿಗೆ ಹೋದವು. ಕೀಲಿ ಅಲ್ಲೇ ಇರುತ್ತದೆ. "ಯಾವಾಗ ಹೊಡೀಬೇಕು ಅನ್ಸಿದ್ರೂ ಹೇಳಿ ಆಂಟಿ, ನಾನೇ ಮೈದಾನಕ್ಕೆ ತರ್ತೀನಿ, ನಾನೇ ವಾಪಸ್ ತರ್ತೀನಿ," ಅಂದಳು.

ಮಗಳು ಈ ವಾರ ಇಲ್ಲೇ ಮಲಗುತ್ತಾಳೆ. ಚಿಕ್ಕಂದಿನ ಹಾಗೆ ಕಾಲು ನನ್ನ ಮೇಲೆ ಹಾಕುತ್ತಾಳೆ. ಭಾರ.

ಜುಲೈ ೪, ಗುರುವಾರ

ಕೆಲಸಕ್ಕೆ ಹೋದೆ. ಒಬ್ಬರು ಮುದುಕರಿಗೆ ಫ್ರೇಮು ಕೂರಿಸಿದೆ. ಕಿವಿಯ ಹಿಂದೆ ಒತ್ತುತ್ತಿದೆ ಅಂದರು. ಬಿಸಿ ಮಾಡಿ ಬಗ್ಗಿಸಿ ಕೊಟ್ಟೆ. "ಈಗ ಹಾಕಿದ್ದೇ ಗೊತ್ತಾಗಲ್ಲ," ಎಂದು ಖುಷಿಪಟ್ಟರು.

ಅಂಗಡಿಯ ಶೌಚಾಲಯದಲ್ಲಿ ಅತ್ತೆ. ಮೊದಲ ಸಲ. ಹೊರಗೆ ಬಂದು ಮುಖ ತೊಳೆದು ಇನ್ನೊಬ್ಬರಿಗೆ ಕೂರಿಸಿದೆ.

ಜುಲೈ ೧೪, ಭಾನುವಾರ

ಅಂಗಡಿಯಾಕೆ ನನ್ನ ಬಂದೂಕು ತಂದಿದ್ದಳು. ಕರೆದದ್ದು ನಾನೇ. ಮಿಸ್ಸಣ್ಣ ಪಾಪ ಪಂದ್ಯಕ್ಕೆ ಹೆಸರು ಕೊಟ್ಟುಬಿಟ್ಟಿದ್ದಾರೆ, ಅವರ ಮುಖ ನೋಡಿ ಒಪ್ಪಿದ್ದು, ಅಷ್ಟೇ.

ಖಾಲಿ ತೋಟಾ ಎಡಕ್ಕೆ, ನನ್ನಿಂದ ದೂರಕ್ಕೆ ಚಿಮ್ಮುತ್ತದೆ. ನನ್ನ ಮುಖದ ಮುಂದೆ ಏನೂ ಇಲ್ಲ, ಆಕಾಶ ಮಾತ್ರ. ಮೂರನೇ ತಟ್ಟೆಯ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು: ಬಲದಿಂದ ಬರುವ ತಟ್ಟೆಗೆ ನಾನು ತಡಮಾಡುತ್ತೇನೆ. ನಳಿಗೆಯನ್ನು ಮೊದಲೇ ಆ ಕಡೆ ಇಟ್ಟುಕೊಂಡಿರಬೇಕು. ಇಟ್ಟುಕೊಂಡೆ. ಒಡೆಯಿತು. ಮತ್ತೆ ಒಡೆಯಿತು. ಎತ್ತರಕ್ಕೆ ಹೋಗುವುದು ಮಾತ್ರ ಇನ್ನೂ ಸಿಗುತ್ತಿಲ್ಲ, ಅದನ್ನು ಬುಧವಾರ ಸಂಜೆ ನೋಡಬೇಕು. ಅಂಗಡಿಯಾಕೆಗೆ ಬಿಡುವಿದೆಯಂತೆ.

ಮನೆಗೆ ಬಂದಾಗ ಹಸಿವಾಗಿತ್ತು.

ಜುಲೈ ೨೮, ಭಾನುವಾರ

ಜೋಡಿ ಪಂದ್ಯ ಮುಗಿಯಿತು. ನಮ್ಮದು ಕೊನೆಯಿಂದ ಎರಡನೆಯ ಸ್ಥಾನ. ನಮ್ಮ ಹಿಂದಿದ್ದವರ ಬಂದೂಕು ಅರ್ಧದಲ್ಲೇ ಕೆಟ್ಟಿತ್ತು ಎಂದು ಮಿಸ್ಸಣ್ಣ ಎಲ್ಲರಿಗೂ ಹೇಳುವ ಮೊದಲೇ ಅವರನ್ನು ಎಳೆದುಕೊಂಡು ಬಂದೆ.

ಹೆಸರು ಕೂಗುವಾಗ ಅಭ್ಯಾಸಬಲದಿಂದ ಇವರ ಹೆಸರು ಕೂಗಿದರು. ಕೂಗಿದವನು ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡ. ನಾನು ಹೋಗಿ ಗೆರೆಯ ಮೇಲೆ ನಿಂತೆ. ಮೊದಲ ತಟ್ಟೆ ಹೇಗಿತ್ತು, ಯಾವ ಕಡೆ ಹೋಯಿತು, ಒಂದೂ ನೆನಪಿಲ್ಲ. ಎರಡನೆಯದರಿಂದ ಎಲ್ಲ ನೆನಪಿದೆ.

ಸಂಜೆ ಮೆಟ್ಟಿಲು ಹತ್ತಿ ಬಂದರೆ ಬಾಗಿಲು ತೆರೆದಿತ್ತು. ಮಗಳು ಡ್ಯೂಟಿ ಮುಗಿಸಿ ಬಂದು ಅಡುಗೆ ಮಾಡಿಟ್ಟಿದ್ದಳು. ಅವಳ ಅಡುಗೆಗೆ ಉಪ್ಪು ಯಾವತ್ತೂ ಎರಡು ಸಲ ಬಿದ್ದಿರುತ್ತದೆ. ತಟ್ಟೆ ಹಾಕುತ್ತಾ ಕೇಳಿದಳು, "ಎಷ್ಟು ಒಡೆದೆ?"

ಬಂದೂಕಿನ ವಿಷಯ ಅವಳಾಗಿಯೇ ಕೇಳಿದ್ದು ಇದೇ ಮೊದಲು. ಹೇಳಿದೆ. ಬಲದಿಂದ ಬಂದದ್ದು, ಎಡದಿಂದ ಬಂದದ್ದು, ಎರಡು ಒಟ್ಟಿಗೆ ಹಾರಿದಾಗ ಯಾವುದನ್ನು ಮೊದಲು ಹೊಡೆಯಬೇಕು ಅನ್ನುವುದು. ಎಷ್ಟು ಹೊತ್ತು ಮಾತಾಡಿದೆನೋ. ಊಟ ಆರಿಹೋಯಿತು. ಅವಳು ಕೆನ್ನೆಗೆ ಕೈಕೊಟ್ಟು ನನ್ನನ್ನೇ ನೋಡುತ್ತಿದ್ದಳು.

"ನೋವಾಗಲ್ವಾಮ್ಮಾ?"

"ಇಲ್ಲ ಕಣೇ. ಇದು ಒದೆಯೋದೇ ಇಲ್ಲ. ಬೇಕಾದ್ರೆ ಭುಜ ನೋಡು."

"ನಾನು ಭುಜದ ಮಾತು ಕೇಳಿಲ್ಲ."

ನಾನು ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ. ಬಡಿಸಿಕೊಂಡೆ. ಉಪ್ಪು ಜಾಸ್ತಿಯಾಗಿದೆ ಅಂದೆ. ನೀರು ಹಾಕಿಕೋ ಅಂದಳು. ಇಬ್ಬರೂ ಪೂರ್ತಿ ತಿಂದೆವು. ಅವಳು ಪಾತ್ರೆ ಎತ್ತಿಕೊಂಡು ಹೋಗಿ ತೊಳೆಯಲು ನಿಂತಳು. ನಾನು ಮೇಜು ಒರೆಸುತ್ತಾ, ಅವಳ ಬೆನ್ನಿಗೆ ಹೇಳಿದೆ.

"ಆಗತ್ತೆ. ದಿನಾ ಆಗತ್ತೆ."

ಅವಳು ನಲ್ಲಿ ನಿಲ್ಲಿಸಿದಳು.